ಫ್ಲೈವೀಲ್ ಇಂಜಿನ್ ಕಡೆಯದು, ಕ್ಲಚ್ ಪ್ಲೇಟ್ ಗೇರ್‌ಬಾಕ್ಸ್ ಕಡೆಯದು

ನನ್ನ ಕಾರಿಗೆ ಅದೇ ಕಂಪನಿಯ ದೊಡ್ಡ ಇಂಜಿನ್ ಕೂರಿಸಿದೆ. ಮ್ಯಾನ್ಯುಯಲ್ ಗೇರ್‌ಬಾಕ್ಸ್ ಹಳೆಯದನ್ನೇ ಉಳಿಸಿಕೊಂಡೆ. ಇಂಜಿನ್‌ಗೆ ಗೇರ್‌ಬಾಕ್ಸ್ ಕೂಡಿಸುವ, ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗ್‌ನ ಬೋಲ್ಟ್ ತೂತುಗಳು ಸರಿಯಾಗಿ ಕೂಡಿದ್ದವು. ಹಾಗಾಗಿ ಇಂಜಿನ್‌ನ ಕ್ಲಚ್ ಸೆಟ್ ತಂದರೆ ಸಾಕು ಅಂದುಕೊಂಡಿದ್ದೆ.

ಸೆಟ್ ಬಂದ ದಿನ ಕ್ಲಚ್ ಪ್ಲೇಟನ್ನು ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್‌ಗೆ (ಇಂಜಿನ್‌ನ ಸುತ್ತನ್ನು ಒಳಗೆ ಒಯ್ಯುವ, ಉದ್ದುದ್ದ ಹಲ್ಲುಗಳಿರುವ ದಂಡಕ್ಕೆ) ತೂರಿಸಿ ನೋಡಿದೆ. ಹೋಗಲೇ ಇಲ್ಲ. ಶಾಫ್ಟಿನ ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ ಎಣಿಸಿದೆ. ಶಾಫ್ಟಿನಲ್ಲಿ 23, ಪ್ಲೇಟಿನಲ್ಲಿ 24! ಫ್ಲೈವೀಲ್ ಅನ್ನೋ ಭಾರದ ಚಕ್ರ ಇಂಜಿನ್‌ನ ಕ್ರ್ಯಾಂಕ್ ಶಾಫ್ಟ್‌ಗೆ ಕೂರುತ್ತದೆ, ಕ್ಲಚ್ ಪ್ಲೇಟನ್ನು ಅದಕ್ಕೆ ಅದುಮುವ ಪ್ರೆಶರ್ ಪ್ಲೇಟ್ ಫ್ಲೈವೀಲ್‌ಗೆ ಕೂರುತ್ತದೆ. ಆದರೆ ಕ್ಲಚ್ ಪ್ಲೇಟ್ ಜಾರಬೇಕಾದ್ದು ಗೇರ್‌ಬಾಕ್ಸ್ ಶಾಫ್ಟಿನ ಮೇಲೆ ಅಲ್ವಾ? ಅಷ್ಟೇ ವ್ಯಾಸ, ಅಷ್ಟೇ ದಪ್ಪ, 23 ಹಲ್ಲಿನ ಪ್ಲೇಟ್ ಹುಡುಕಿ ತಂದೆ. ಕೈಯಲ್ಲಿ ತಳ್ಳಿದರೆ ತಡೆಯಿಲ್ಲದೆ ಜಾರಿತು.

ನಾನು ತಂದ ಇಂಜಿನ್ ಆಟೋಮ್ಯಾಟಿಕ್ ಕಾರಿನದು. ಅದರಲ್ಲಿ ಫ್ಲೈವೀಲೇ ಇರಲಿಲ್ಲ, ಅದರ ಜಾಗದಲ್ಲಿ ಫ್ಲೆಕ್ಸ್ ಪ್ಲೇಟ್ ಅನ್ನೋ ತೆಳು ತಟ್ಟೆ ಇತ್ತು. ಅದರ ಬೋಲ್ಟ್‌ಗಳು ಗಿಡ್ಡವಾಗಿದ್ದು, ದಪ್ಪನೆಯ ಫ್ಲೈವೀಲ್‌ಗೆ ಸಾಲುವುದಿಲ್ಲ. ಹೊಸ ಬೋಲ್ಟ್ ತಂದೆ. ಕ್ರ್ಯಾಂಕ್ ತುದಿಯಲ್ಲಿ ಇನ್‌ಪುಟ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಕೂಡ ಇರಲಿಲ್ಲ, ಅದನ್ನೂ ಹಾಕಿದೆ. ಇದನ್ನು ಮರೆತರೆ ಶಾಫ್ಟಿನ ತುದಿಗೆ ಆಸರೆಯೇ ಇರುವುದಿಲ್ಲ. ಫ್ಲೈವೀಲ್ ಅಂಚಿನ ಹಲ್ಲಿನ ಬಳೆ, ಅಂದರೆ ರಿಂಗ್ ಗೇರ್, ಸ್ಟಾರ್ಟರ್ ಮೋಟರ್‌ಗೆ ಹೊಂದುತ್ತದೆಯೇ ಅಂತ ಬೆಲ್ ಹೌಸಿಂಗ್ ಇಟ್ಟು ನೋಡಿಕೊಂಡೆ.

ಹಗುರ ಫ್ಲೈವೀಲ್ ಮೇಲೆ ನನಗೂ ಆಸೆಯಿತ್ತು. ಇಂಜಿನ್ ಬೇಗ ಸುತ್ತು ಏರುತ್ತದೆ ನಿಜ. ಆದರೆ ಭಾರವಿರುವ ಚಕ್ರವೇ ಹಾಫ್ ಕ್ಲಚ್‌ನಲ್ಲಿ ಕಾರನ್ನು ಆಫ್ ಆಗದಂತೆ ಕಾಯುತ್ತದೆ. ದಿನಾ ಓಡಿಸುವ ಕಾರು ನನ್ನದು. ಕಂಪನಿ ತೂಕದ ಫ್ಲೈವೀಲನ್ನೇ ಆರಿಸಿದೆ. ನಡುವೆ ಸ್ಪ್ರಿಂಗ್ ಇರುವ ಸಾಧಾರಣ ಕ್ಲಚ್ ಪ್ಲೇಟ್ ಸಾಕೆನಿಸಿತು. ಸೆರಾಮಿಕ್ ಪ್ಯಾಡಿನದು ಥಟ್ಟನೆ ಹಿಡಿಯುತ್ತದೆ, ಟ್ರಾಫಿಕ್ಕಿನಲ್ಲಿ ಕಾಲು ಸೋತು ಹೋಗುತ್ತದೆ.

ಜಾಸ್ತಿ ಸಮಯ ಕೊಟ್ಟಿದ್ದು ರಿಲೀಸ್ ಬೇರಿಂಗ್‌ಗೆ. ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟನ್ನು ತಳ್ಳಿ ಕ್ಲಚ್ ಬಿಡಿಸುವುದು ಇದೇ. ಬ್ಲಾಕಿನ ಮುಖದಿಂದ ಪ್ರೆಶರ್ ಪ್ಲೇಟಿನ ಬೆರಳಿನಂಥ ಸ್ಪ್ರಿಂಗ್ ತುದಿಗಳವರೆಗೆ ಅಳೆದೆ, ಬೆಲ್ ಹೌಸಿಂಗ್ ಮುಖದಿಂದ ಬೇರಿಂಗ್‌ವರೆಗೂ ಅಳೆದೆ. ಹಳೆ ಸೆಟ್‌ಗಿಂತ 6 ಮಿ.ಮೀ. ಜಾಸ್ತಿ ಸಂದು ಬಂತು. ಹಾಗೇ ಕೂರಿಸಿದ್ದರೆ ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಬಿಡುತ್ತಿರಲಿಲ್ಲ, ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಗುತ್ತಿತ್ತು. ಬೇರಿಂಗನ್ನು ತಳ್ಳುವ ಫೋರ್ಕ್ ಆನಿಕೊಳ್ಳುವ ಪಿವಟ್ ಬದಲಿಸಿ ಸಂದು ಮುಚ್ಚಿದೆ.

ಕೊನೆಗೆ ಫ್ಲೈವೀಲ್ ಮುಖವನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಪ್ಲೇಟನ್ನು ಅಲೈನ್‌ಮೆಂಟ್ ಟೂಲ್‌ನಿಂದ ನಡುವೆ ನಿಲ್ಲಿಸಿ, ಬೋಲ್ಟ್‌ಗಳನ್ನು ಅಡ್ಡಡ್ಡ ಎದುರುಬದುರು ಬಿಗಿದೆ. ಮೊದಲ ಸಲ ಪೆಡಲ್ ಒತ್ತಿದಾಗ ಮೊದಲ ಗೇರ್ ಸದ್ದಿಲ್ಲದೆ ಬಿತ್ತು. ಹೊಸ ಕ್ಲಚ್ ಹೊಂದಿಕೊಳ್ಳಲಿ ಅಂತ ಆಮೇಲಿನ 800 ಕಿ.ಮೀ. ಮೆಲ್ಲಗೆ ಓಡಿಸಿದೆ, ಒಮ್ಮೆಯೂ ಪೂರ್ತಿ ಆಕ್ಸಿಲರೇಟರ್ ಒತ್ತಲಿಲ್ಲ.