ಗಾಣದ ಎತ್ತಾದ ಬ್ಯಾಕ್ಟೀರಿಯಾ

ಕಂಪ್ಯೂಟರ್ ಪರದೆ ಮೇಲೆ 300 ಪುಟ್ಟ ಚುಕ್ಕೆಗಳು ಕಂಡಾಗ ನನಗೆ ಖುಷಿಯೋ ಖುಷಿ. ಬ್ಯಾಕ್ಟೀರಿಯಾ ಗುಂಪು ಕಟ್ಟಿವೆ ಅಂದುಕೊಂಡೆ. ಜೂಮ್ ಮಾಡಿದರೆ ಒಂದೊಂದು ಚುಕ್ಕೆಯಲ್ಲೂ ಇದ್ದದ್ದು ಒಂದೇ ಕೋಶ. ಗಾಣದ ಎತ್ತಿನ ಹಾಗೆ ಸುಮ್ನೆ ಸುತ್ತುತ್ತಿತ್ತು!

ನಾನು ಕಂಪ್ಯೂಟರ್‌ನಲ್ಲಿ ಮಾದರಿ ಮಾಡಲು ಹೊರಟಿದ್ದು ಸೂಡೊಮೊನಾಸ್ ಏರುಗಿನೋಸಾ ಎಂಬ ಬ್ಯಾಕ್ಟೀರಿಯಾವನ್ನು. ಇದು ಕೂದಲಿನಂಥ ಎಳೆಗಳನ್ನು ಚಾಚಿ, ಅಂಟಿಸಿ, ಎಳೆದುಕೊಳ್ಳುತ್ತಾ ತೆವಳುತ್ತದೆ. ಹೋದಲ್ಲೆಲ್ಲ ಪಿಎಸ್‌ಎಲ್ ಎಂಬ ಸಕ್ಕರೆಯಂಟು ಬಿಟ್ಟು ಹೋಗುತ್ತದೆ. ಹಿಂದೆ ಬಂದವು ಅದೇ ಜಾಡು ಹಿಡಿಯುತ್ತವೆ. ಹುಲ್ಲಿನಲ್ಲಿ ಕಾಲುದಾರಿ ಬೀಳುತ್ತಲ್ಲ, ಹಾಗೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚೌಕಗಳ ಹಾಸು ಮಾಡಿದೆ. ಪ್ರತಿ ಕೋಶ ಎಡ, ನೇರ, ಬಲ, ಈ ಮೂರು ಮುಂದಿನ ಚೌಕ ನೋಡಿ, ಅಂಟು ಜಾಸ್ತಿ ಇರುವ ಕಡೆ ಹೋಗಬೇಕು. ಎಡವಟ್ಟು ಅಲ್ಲೇ ಇತ್ತು. ಮೂರೂ ಸಮ ಇದ್ದರೆ, ಅತಿ ದೊಡ್ಡದು ಎಲ್ಲಿದೆ ಅಂತ ಹುಡುಕಿಕೊಡುವ ನಂಪೈನ (ಪೈಥಾನ್‌ನ ಲೆಕ್ಕದ ಸಲಕರಣೆ) ಆರ್ಗ್‌ಮ್ಯಾಕ್ಸ್ ಪಟ್ಟಿಯ ಮೊದಲನೆಯದನ್ನು ಕೊಡುತ್ತದೆ. ನನ್ನ ಪಟ್ಟಿಯಲ್ಲಿ ಮೊದಲು ಎಡ. ಖಾಲಿ ಹಾಸಿನ ಮೇಲೆ ಎಲ್ಲವೂ ಎಂಟು ಸಲ ಎಡಕ್ಕೆ ತಿರುಗಿ, ಒಂದು ಸುತ್ತು ಮುಗಿಸಿ, ತಮ್ಮದೇ ಅಂಟಿಗೆ ತಾವೇ ಸಿಕ್ಕಿಬಿದ್ದವು. ಮೂರು ದಿನ ಹೋಯಿತು ಇದನ್ನು ಹಿಡಿಯಲು.

ಆಮೇಲೆ ಆಯ್ಕೆಯನ್ನು ಚೀಟಿ ಎತ್ತಿದಂತೆ ಮಾಡಿದೆ. ಪ್ರತಿ ಚೌಕಕ್ಕೂ ಒಂದು ಚೀಟಿ, ಅಂಟು ಇದ್ದಷ್ಟೂ ಹೆಚ್ಚುವರಿ ಚೀಟಿ. ಜಾಡು ಚೆನ್ನಾಗಿ ಬಿತ್ತು. ಆದರೆ ದಾರಿಯಾಯಿತೇ ಹೊರತು ಊರಾಗಲಿಲ್ಲ. ಅಂಟು ಜಾಸ್ತಿ ಇರುವಲ್ಲಿ ಕೋಶ ನಿಂತುಬಿಡುವ ಸಾಧ್ಯತೆಯೂ ಜಾಸ್ತಿ ಅಂತ ಒಂದು ಸಾಲು ಸೇರಿಸಿದ ಮೇಲೆಯೇ ಗುಂಪು ಕಟ್ಟಿತು. ಒಂದು ಚೌಕಕ್ಕೆ ಒಂದೇ ಕೋಶ ಎಂಬ ನಿಯಮವೂ ಬೇಕಾಯಿತು, ಇಲ್ಲದಿದ್ದರೆ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ.

ಕಣ್ಣನ್ನು ನಂಬುವುದು ಬಿಟ್ಟಿದ್ದೆ ಅಲ್ವಾ, ಹಾಗಾಗಿ ಯಾವ ಚೌಕಕ್ಕೆ ಎಷ್ಟು ಕೋಶ ಭೇಟಿ ಕೊಟ್ಟವು ಅಂತ ಲೆಕ್ಕ ಹಾಕಿದೆ. ಈ ಜಾಡಿನ ಬಗ್ಗೆ 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ಕೆಲವೇ ಜಾಗಗಳಿಗೆ ವಿಪರೀತ ಭೇಟಿ, ಉಳಿದವಕ್ಕೆ ಅಲ್ಪಸ್ವಲ್ಪ. ಉಳ್ಳವರಿಗೇ ಇನ್ನಷ್ಟು ಸೇರುವ ಹಾಗೆ. ಪಿಎಸ್‌ಎಲ್ ಮಾಡಲಾರದ ತಳಿಯಲ್ಲಿ ಭೇಟಿಗಳು ಹೆಚ್ಚು ಸಮವಾಗಿ ಹರಡಿದ್ದವು. ನನ್ನ ಮಾದರಿಯಲ್ಲೂ ಅಂಟನ್ನು ಸೊನ್ನೆ ಮಾಡಿ ಓಡಿಸಿದೆ. ಗುಂಪು ಮಾಯ. ಆಗ ಸಮಾಧಾನವಾಯಿತು.

ಈಗ ಕೋಶ ಎರಡಾಗುವುದನ್ನು ಸೇರಿಸುತ್ತಿದ್ದೇನೆ. ಮರಿಗೆ ತಾಯಿಯ ದಿಕ್ಕನ್ನೇ ಕೊಟ್ಟರೆ ಎರಡೂ ಒಂದೇ ಚೌಕಕ್ಕೆ ಜಗಳಕ್ಕಿಳಿಯುತ್ತವೆ. ಸದ್ಯಕ್ಕೆ ಅದರ ತಲೆನೋವು.