ಓಕ್ ಮೇಜಿನ ಕಪ್ಪು ಪಟ್ಟಿ

ನಮ್ಮ ಕೊಪ್ಪದ ಕಡೆ ಓಕ್ ಅಂದರೆ ಸಿಲ್ವರ್ ಓಕ್. ಕಾಫಿ ತೋಟದಲ್ಲಿ ನೆರಳಿಗೆ ನೆಟ್ಟು, ಅದರ ಮೈಗೇ ಮೆಣಸಿನ ಬಳ್ಳಿ ಹಬ್ಬಿಸುವ ಮರ. ಅದು ಆಸ್ಟ್ರೇಲಿಯಾದಿಂದ ಬಂದದ್ದು, ಓಕ್ ಕುಟುಂಬಕ್ಕೆ ಸೇರಿದ್ದೇ ಅಲ್ಲ ಎಂದು ಗೊತ್ತಾಗಿದ್ದು ನಾನು ಅಮೆರಿಕದ ಓಹಾಯೋಗೆ ಬಂದು, ಗ್ಯಾರೇಜಿನಲ್ಲಿ ಮರಗೆಲಸ ಶುರು ಮಾಡಿದ ಮೇಲೆ. ಇಲ್ಲಿ ನಿಜವಾದ ಓಕ್ ಬೀದಿ ಬದಿಯಲ್ಲೇ ಬೆಳೆಯುತ್ತದೆ. ಆರು ಜನ ಕೂರುವ ಊಟದ ಮೇಜನ್ನು ಅದರಲ್ಲೇ ಮಾಡೋಣ ಅಂತ ಹೊರಟೆ.

ಮರದ ಡಿಪೋದಲ್ಲಿ ಎರಡು ಥರ ಸಿಗುತ್ತದೆ, ರೆಡ್ ಓಕ್ ಮತ್ತು ವೈಟ್ ಓಕ್. ನಿಂತ ಮರದಲ್ಲಾದರೆ ಎಲೆ ನೋಡಿ ಹೇಳಬಹುದು. ರೆಡ್ ಓಕ್ ಎಲೆಯ ಅಂಚು ಚೂಪು, ವೈಟ್ ಓಕ್‌ದು ದುಂಡು. ಹಲಗೆಯಲ್ಲಿ ಬಣ್ಣ ನಂಬಿದರೆ ಮೋಸ ಹೋಗುತ್ತೀರಿ. ನಾನು ಮಾಡುವುದು ಇಷ್ಟೇ: ಮರದ ಎಳೆಯ ಉದ್ದಕ್ಕೆ ಒಂದು ಸಣ್ಣ ಕಡ್ಡಿ ಸೀಳಿ, ಒಂದು ತುದಿ ನೀರಿನಲ್ಲಿಟ್ಟು ಇನ್ನೊಂದು ತುದಿಯಿಂದ ಊದುವುದು. ರೆಡ್ ಓಕ್ ಆದರೆ ನೀರಿನಲ್ಲಿ ಗುಳ್ಳೆ ಬರುತ್ತದೆ. ವೈಟ್ ಓಕ್ ಚೇಗಿನಲ್ಲಿ, ಅಂದರೆ ಒಳಗಿನ ಬಲಿತ ಮರದಲ್ಲಿ, ಎಷ್ಟು ಊದಿದರೂ ಕೆನ್ನೆ ನೋಯುತ್ತದೆ ಅಷ್ಟೇ. ಅದರ ನಾಳಗಳಿಗೆ ಮರವೇ ಒಳಗಿಂದ ಬಿರಡೆ ಹಾಕಿಕೊಂಡಿರುತ್ತದೆ. ಬರ್ಬನ್ ವಿಸ್ಕಿಯ ಪೀಪಾಯಿ, ದೋಣಿ ಎಲ್ಲಕ್ಕೂ ವೈಟ್ ಓಕ್ ಬಳಸುವುದು ಇದಕ್ಕೇ. ಊಟದ ಮೇಜಿನ ಮೇಲೆ ಸಾರು ಚೆಲ್ಲುವ ಮನೆ ನಮ್ಮದು, ಹಾಗಾಗಿ ವೈಟ್ ಓಕ್ ತಂದೆ.

ತೇಗ ಮುಟ್ಟಿದ ಕೈಗೆ ಓಕ್ ಒರಟು. ಮರದ ಗಟ್ಟಿತನ ಅಳೆಯುವ ಜಾಂಕಾ ಲೆಕ್ಕದಲ್ಲಿ ತೇಗ ಸುಮಾರು 1,070 ಆದರೆ ವೈಟ್ ಓಕ್ 1,360. ತೇಗದಲ್ಲಿ ಎಣ್ಣೆಯ ಅಂಶ ಇದೆ, ಮರ ಹೆರೆಯುವ ತೋಪಡ ಜಾರಿಕೊಂಡು ಹೋಗುತ್ತದೆ. ಓಕ್‌ನಲ್ಲಿ ಅಲಗು ಸ್ವಲ್ಪ ಮೊಂಡಾದರೂ ಮೇಲ್ಮೈ ಚಕ್ಕೆ ಏಳುತ್ತದೆ. ಅರ್ಧ ಗಂಟೆಗೊಮ್ಮೆ ಸಾಣೆ ಹಿಡಿದೆ. ದೂಳಿಗೆ ಮಾಸ್ಕ್ ಬೇಕೇ ಬೇಕು.

ಕಾಲುಗಳಿಗೆ ಮಾತ್ರ ದುಡ್ಡು ಜಾಸ್ತಿ ಕೊಟ್ಟು ಕ್ವಾರ್ಟರ್ ಸಾನ್ ಹಲಗೆ ತಂದೆ. ವರ್ಷದ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಕೊಯ್ದದ್ದು. ಹಾಗೆ ಕೊಯ್ದಾಗ ಮರದ ತಿರುಳಿನಿಂದ ತೊಗಟೆಯತ್ತ ಹೋಗುವ, ಕಿರಣ ಅಂತ ಕರೆಯುವ ಅಂಗಾಂಶದ ಎಳೆಗಳು ಬೆಳ್ಳಿ ಪಟ್ಟಿಯ ಹಾಗೆ ಮಿನುಗುತ್ತವೆ. ನಮ್ಮ ಸಿಲ್ವರ್ ಓಕನ್ನು ಹೀಗೆ ಕೊಯ್ದರೂ ಇಂಥದೇ ಮಿನುಗು ಬರುತ್ತದೆ. ಅದಕ್ಕೆ ಓಕ್ ಅನ್ನುವ ಹೆಸರು ಅಂಟಿಕೊಂಡಿದ್ದು ಸುಮ್ನೆ ಅಲ್ಲ.

ಕಾಲಿಗೆ ಚೌಕ ತೂತು, ಅಡ್ಡಪಟ್ಟಿಗೆ ನಾಲಿಗೆ, ಅದು ಬಿಗಿಯಾಗಿ ಕೂತ ಮೇಲೆ ಒಂದು ಮರದ ಗೂಟ. ಇದರಲ್ಲಿ ಹೇಳುವಂಥದ್ದೇನಿಲ್ಲ. ಎಡವಟ್ಟಾಗಿದ್ದು ಮೇಲ್ಹಲಗೆಯಲ್ಲಿ.

ಆರು ಹಲಗೆ ಪಕ್ಕಪಕ್ಕ ಅಂಟಿಸಿ, ಕಬ್ಬಿಣದ ಪೈಪಿನ ಕ್ಲಾಂಪ್ ಹಾಕಿ ಮಲಗಿದೆ. ಬೆಳಿಗ್ಗೆ ಬಿಚ್ಚಿ ನೋಡಿದರೆ, ಪೈಪ್ ತಾಗಿದ ಕಡೆಯೆಲ್ಲ ನೀಲಿ ಮಿಶ್ರಿತ ಕಪ್ಪು ಪಟ್ಟಿ. ಅಂಟನ್ನು ಬೈದೆ, ಪೈಪಿನ ತುಕ್ಕನ್ನು ಬೈದೆ. ಮರಳು ಕಾಗದದಲ್ಲಿ ಉಜ್ಜಿದರೂ ಹೋಗಲಿಲ್ಲ.

ಆ ದಿನ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಅವಳು ಒಂದು ನಿಮಿಷವೂ ಯೋಚಿಸಲಿಲ್ಲ. "ಅದು ಚೊಗರು ಕಣೋ. ಬಾಳೆಕಾಯಿ ಹೆಚ್ಚಿದ ಮೇಲೆ ಮೆಟ್ಟುಗತ್ತಿ ಕರ್ರಗಾಗಲ್ವಾ, ಹಂಗೆ. ನಿಂಬೆಹಣ್ಣು ಹಾಕಿ ತಿಕ್ಕು."

ಸರಿಯಾಗೇ ಹೇಳಿದ್ದಳು. ಓಕ್‌ನಲ್ಲಿ ಟ್ಯಾನಿನ್ ತುಂಬಾ ಇರುತ್ತದೆ. ಟ್ಯಾನಿನ್ ಅಂದರೆ ಅಡಕೆ ಬೇಯಿಸಿದಾಗ ಹಂಡೆಯಲ್ಲಿ ಇಳಿಯುವ ಚೊಗರಿನಲ್ಲಿರುವ ವಸ್ತುವೇ. ಅದಕ್ಕೆ ಕಬ್ಬಿಣ ಮತ್ತು ನೀರು ಸೇರಿದರೆ ಕಪ್ಪು. ಹಿಂದೆ ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕ. ನಾನು ಹಸಿ ಅಂಟಿನ ನೀರು, ಪೈಪಿನ ಕಬ್ಬಿಣ, ಮರದ ಚೊಗರು ಮೂರನ್ನೂ ಸೇರಿಸಿ ರಾತ್ರಿಯಿಡೀ ಶಾಯಿ ತಯಾರಿಸಿದ್ದೆ.

ಒಂದು ಚೂರಿನ ಮೇಲೆ ನಿಂಬೆರಸ ಹಚ್ಚಿದೆ. ಕಪ್ಪು ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಆಕ್ಸಾಲಿಕ್ ಆಸಿಡ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಇಡೀ ಹಲಗೆಗೆ ಸಮವಾಗಿ ಬಳಿದೆ. ಕಲೆಯ ಮೇಲೆ ಮಾತ್ರ ಬಳಿದರೆ ಅಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ. ನೋಡನೋಡುತ್ತಲೇ ಪಟ್ಟಿ ಮಾಯವಾಯಿತು. ಅದು ವಿಷ, ಕೈಗವಸು ಬೇಕು. ಒಣಗಿದ ಪುಡಿ ಮೂಗಿಗೆ ಹೋಗದಂತೆ ಮೊದಲು ಚೆನ್ನಾಗಿ ತೊಳೆದು ಆಮೇಲೆ ಉಜ್ಜಬೇಕು. ಈಗ ಪೈಪಿನ ಕೆಳಗೆ ಮೇಣದ ಕಾಗದ ಇಡುತ್ತೇನೆ, ಸ್ಕ್ರೂ ಹಿತ್ತಾಳೆಯದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದು.

ಚೊಗರು ಬಣ್ಣ ಬದಲಿಸುವ ಈ ಗುಣವನ್ನು ಬೇಕು ಅಂತಲೇ ಬಳಸುವವರಿದ್ದಾರೆ. 1900ರ ಆಸುಪಾಸಿನಲ್ಲಿ ಅಮೆರಿಕದ ಪೀಠೋಪಕರಣ ತಯಾರಕ ಗುಸ್ತಾವ್ ಸ್ಟಿಕ್ಲಿ ತನ್ನ ಓಕ್ ಪೀಠೋಪಕರಣಗಳಿಗೆ ಅಮೋನಿಯಾ ಹಬೆ ಕೊಟ್ಟು ಕಂದು ಬಣ್ಣ ತರಿಸುತ್ತಿದ್ದ. ಆ ಘಾಟು ತಡೆಯುವ ಧೈರ್ಯ ನನಗಿಲ್ಲ. ನಾನು ಸ್ಟೀಲ್ ವುಲ್ (ಉಕ್ಕಿನ ನಾರು) ತೊಳೆದು ಅದರ ಎಣ್ಣೆ ತೆಗೆದು, ವಿನಿಗರ್‌ನಲ್ಲಿ ಒಂದು ವಾರ ನೆನೆಹಾಕಿದೆ. ಗ್ಯಾಸ್ ಬರುತ್ತದೆ, ಮುಚ್ಚಳ ಸಡಿಲ ಇರಲಿ. ಸೋಸಿದ ನೀರನ್ನು, ಉಳಿದ ತುಂಡುಗಳಲ್ಲಿ ಮಾಡಿದ ಬೆಂಚಿಗೆ ಬಳಿದೆ. ಐದೇ ನಿಮಿಷದಲ್ಲಿ ಬೀಟೆಗಿಂತ ಕಪ್ಪಾಯಿತು. ತೊಗಟೆ ಪಕ್ಕದ ಎಳೇ ಮರ ಒಂದು ಕಡೆ ಉಳಿದಿತ್ತು. ಅಲ್ಲಿ ಚೊಗರು ಕಡಿಮೆ, ಅದು ಬೂದಿ ಬಣ್ಣದಲ್ಲೇ ನಿಂತಿತು.

ಇನ್ನು ಮೇಲ್ಹಲಗೆ ಕೂರಿಸುವುದು. ಇದಕ್ಕೂ ಮುಂಚೆ ಒಂದು ಟೀಪಾಯಿಯ ಹಲಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಸ್ಕ್ರೂ ಮಾಡಿ, ಚಳಿಗಾಲದಲ್ಲಿ ಅದು ಟಪ್ ಅಂತ ಸೀಳಿದ್ದನ್ನು ಕಿವಿಯಾರೆ ಕೇಳಿದ್ದೆ. ಇಲ್ಲಿ ಬೇಸಿಗೆಯಲ್ಲಿ ಗಾಳಿ ತೇವ, ಚಳಿಗಾಲದಲ್ಲಿ ಹೀಟರ್‌ನಿಂದ ಮನೆಯೊಳಗೆ ಒಣ. ಮಾಮೂಲಿ ಕೊಯ್ತದ ವೈಟ್ ಓಕ್ 36 ಇಂಚು ಅಗಲ ಇದ್ದು, ಮರದ ತೇವ 4 ಶೇಕಡಾ ಇಳಿದರೆ ಹೆಚ್ಚುಕಡಿಮೆ ಅರ್ಧ ಇಂಚು ಕುಗ್ಗುತ್ತದೆ. ಕ್ವಾರ್ಟರ್ ಸಾನ್ ಆದರೆ ಅದರ ಅರ್ಧ. ಅದಕ್ಕೇ ಚೌಕಟ್ಟಿನ ಒಳಮೈಗೆ ಗಾಡಿ (ಉದ್ದನೆಯ ಸಣ್ಣ ತೋಡು) ಕೊರೆದು, ಅದರೊಳಗೆ ಮೂಗು ತೂರಿಸುವ ಸಣ್ಣ ಮರದ ತುಂಡುಗಳನ್ನು ಮೇಲ್ಹಲಗೆಗೆ ಸ್ಕ್ರೂ ಮಾಡಿದೆ. ಹಲಗೆ ಆ ಕಡೆ ಈ ಕಡೆ ಸರಿಯಬಹುದು, ಮೇಲೇಳುವುದಿಲ್ಲ.

ಆಗಸ್ಟ್‌ನಲ್ಲಿ ಮುಗಿಸಿದಾಗ ಅಗಲವನ್ನು ಹಲಗೆಯ ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ. ಜನವರಿಯಲ್ಲಿ ಟೇಪ್ ಹಿಡಿದು ಮೇಜಿನ ಕೆಳಗೆ ತೂರಿದೆ. 3/8 ಇಂಚು ಕಡಿಮೆ ಇತ್ತು. ಎಲ್ಲೂ ಸೀಳಿರಲಿಲ್ಲ.