ಫೋನಿನೊಳಗೇ ಡೇಟಾಬೇಸ್ ತೆರೆಯುವುದು ಹೇಗೆ

ಗಂಗಾವತಿಯಲ್ಲಿ ಅಕ್ಕಿ ಅಂಗಡಿ ಇಟ್ಟಿರುವ ಮಾವ ಉದ್ರಿ ಲೆಕ್ಕಕ್ಕೆ ಒಂದು ಆ್ಯಪ್ ಕೇಳಿದರು. ಗೋದಾಮಿನೊಳಗೆ ನೆಟ್ ಸಿಗಲ್ಲ. ಹಾಗಾಗಿ ಡೇಟಾ ಫೋನಿನಲ್ಲೇ ಇರಬೇಕು, ಅಂದರೆ ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಬೇಕು. 2000ದಲ್ಲಿ ಬಂದ ಇದಕ್ಕೆ ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು.

ಆ್ಯಪ್ ಕಟ್ಟುವ ಸಾಧನ ಫ್ಲಟರ್‌ನಲ್ಲಾದರೆ, ಎಸ್‌ಕ್ಯೂಲೈಟ್ ಬಳಸೋಕೆ ಎಸ್‌ಕ್ಯೂಎಫ್‌ಲೈಟ್ ಪ್ಯಾಕೇಜ್ ಸೇರಿಸಿ. ಗೆಟ್‌ಡೇಟಾಬೇಸಸ್‌ಪಾತ್ ಕೊಡುವ ಫೋಲ್ಡರಿನ ದಾರಿಗೆ ಫೈಲಿನ ಹೆಸರು ಜೋಡಿಸಿ, ವರ್ಷನ್ 1 ಅಂತ ಹೇಳಿ, ಓಪನ್‌ಡೇಟಾಬೇಸ್ ಕರೆಯಿರಿ. ಹೊಸದು ಮಾಡೋಕೆ ಬೇರೆ ಆಜ್ಞೆ ಇಲ್ಲ: ಫೈಲ್ ಇದ್ದರೆ ತೆರೆಯುತ್ತದೆ, ಇಲ್ಲದಿದ್ದರೆ ಹೊಸದು ಮಾಡಿ, ಆನ್‌ಕ್ರಿಯೇಟ್ ಅಂತ ನೀವು ಬರೆದುಕೊಟ್ಟ ಫಂಕ್ಷನ್ ಓಡಿಸುತ್ತದೆ. ಕೋಷ್ಟಕ ಮಾಡುವ ಕ್ರಿಯೇಟ್ ಟೇಬಲ್ ಸಾಲನ್ನು ಅದರೊಳಗೆ ಬರೆಯಿರಿ. ಒಂದೇ ಸಲ ತೆರೆದಿಟ್ಟುಕೊಳ್ಳಿ, ಪ್ರತಿ ಸ್ಕ್ರೀನಿನಲ್ಲೂ ಬೇಡ.

ನಾನು ಎಡವಿದ್ದು ಆಮೇಲೆ. "ಫೋನ್ ನಂಬರ್ ಎಲ್ಲಿ ಬರೀಬೇಕೋ ಅಳಿಯಾ?" ಅಂದರು ಮಾವ. ಆನ್‌ಕ್ರಿಯೇಟ್‌ನಲ್ಲಿ ಒಂದು ಕಾಲಂ ಸೇರಿಸಿದೆ, ಆ್ಯಪ್ ಹೊಸದಾಗಿ ಹಾಕಿದ ನನ್ನ ಫೋನಿನಲ್ಲಿ ಚೆನ್ನಾಗಿ ಓಡಿತು, ಅವರದರಲ್ಲಿ 'ನೋ ಸಚ್ ಕಾಲಂ' ಅಂತ ಕೂತಿತು. ಹಳೆ ಫೈಲ್ ಇದೆ, ಆನ್‌ಕ್ರಿಯೇಟ್ ಮತ್ತೆ ಯಾಕೆ ಓಡುತ್ತದೆ, ಅಲ್ವಾ? ವರ್ಷನ್ 2 ಮಾಡಿ, ವರ್ಷನ್ ಏರಿದಾಗ ಓಡುವ ಆನ್‌ಅಪ್‌ಗ್ರೇಡ್‌ನಲ್ಲೂ, ಹಳೆ ಕೋಷ್ಟಕಕ್ಕೆ ಕಾಲಂ ಸೇರಿಸುವ ಆಲ್ಟರ್ ಟೇಬಲ್ ಬರೆಯಬೇಕು. 'ಆ್ಯಪ್ ತೆಗೆದು ಮತ್ತೆ ಹಾಕಿ' ಅಂತ ಸುಮ್ನೆ ಹೇಳಿಬಿಡಬೇಡಿ, ಅದರ ಜೊತೆ ಉದ್ರಿ ಲೆಕ್ಕವೂ ಹೋಗುತ್ತದೆ.